ನಳಿಗೆಗೆ ಒಂದು ತೂತು: ಎಂ1 ಗ್ಯಾರಂಡ್ ರೈಫಲ್‌ನ ಗ್ಯಾಸ್ ಸಿಸ್ಟಮ್ ಬದಲಾದ ಕಥೆ

1940ರ ಆರಂಭದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ತನ್ನ ಹೊಸ ರೈಫಲ್‌ನ ಮುಂಭಾಗವನ್ನು ಪೂರ್ತಿ ಬದಲಾಯಿಸಿತು. ನಾಲ್ಕು ವರ್ಷದ ಹಿಂದಷ್ಟೇ, 1936ರ ಜನವರಿಯಲ್ಲಿ, ಸೈನ್ಯ ಅದನ್ನು ಅಧಿಕೃತವಾಗಿ ಒಪ್ಪಿಕೊಂಡಿತ್ತು. ಸುಮಾರು 50 ಸಾವಿರ ರೈಫಲ್ ಹಳೇ ಡಿಸೈನ್‌ನಲ್ಲೇ ತಯಾರಾಗಿದ್ದವು. ಅವುಗಳಲ್ಲಿ ಹೆಚ್ಚಿನವನ್ನು ವಾಪಸ್ ತರಿಸಿಕೊಂಡು ಹೊಸ ಪದ್ಧತಿಗೆ ಮಾರ್ಪಡಿಸಿದರು. ಆ ಬದಲಾವಣೆಯ ತಿರುಳನ್ನು ಒಂದೇ ಸಾಲಲ್ಲಿ ಹೇಳಬಹುದು: ನಳಿಗೆಯ ತುದಿಯ ಹತ್ತಿರ, ಕೆಳಭಾಗದಲ್ಲಿ, ಒಂದು ಸಣ್ಣ ತೂತು ಕೊರೆದರು.

ಒಂದು ತೂತಿಗೆ ಇಷ್ಟೆಲ್ಲಾ ರಾದ್ಧಾಂತವೇ ಅಂತ ಅನ್ನಿಸಬಹುದು. ಆದರೆ ಮೆಕ್ಯಾನಿಕಲ್ ಓದುವವರಿಗೆ, ಹಾಗೇ ಡಿಸೈನ್ ಪ್ರಾಜೆಕ್ಟ್ ಮಾಡೋ ಯಾವ ಬ್ರಾಂಚಿನವರಿಗೂ, ಈ ತೂತಿನ ಕಥೆಯಲ್ಲಿ ಒಂದು ಇಡೀ ಸೆಮಿಸ್ಟರಿಗೆ ಆಗುವಷ್ಟು ಪಾಠ ಇದೆ. ಗ್ಯಾಸ್ ಡೈನಮಿಕ್ಸ್ ಇದೆ, ಟಾಲರೆನ್ಸ್ ಇದೆ, ಮೆಟೀರಿಯಲ್ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, "ಹೀಗೇ ಇರಬೇಕು" ಅಂತ ಬರೆದಿಟ್ಟ ಷರತ್ತನ್ನು ಯಾವಾಗ ಪ್ರಶ್ನೆ ಮಾಡಬೇಕು ಅನ್ನೋ ವಿಷಯ ಇದೆ.

ಮೊದಲೇ ಒಂದು ಮಾತು. ಇದು ಇತಿಹಾಸ ಮತ್ತು ತತ್ವದ ಪಾಠ, ವರ್ಕ್‌ಶಾಪ್ ಮ್ಯಾನ್ಯುಯಲ್ ಅಲ್ಲ. ನಮ್ಮ ದೇಶದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸೋದು, ಮಾರ್ಪಡಿಸೋದು, ರಿಪೇರಿ ಮಾಡೋದು ಅಪರಾಧ. ಮುಂದೆ ಓದ್ತಾ ಹೋದಂತೆ, ಸರ್ಕಾರಿ ಕಾರ್ಖಾನೆಗಳಿಗೇ ವರ್ಷಗಟ್ಟಲೆ ಕಾಟ ಕೊಟ್ಟ ಕೆಲಸ ಇದು ಅನ್ನೋದೂ ಗೊತ್ತಾಗುತ್ತೆ.

ಸೆಮಿ-ಆಟೊಮ್ಯಾಟಿಕ್ ಅಂದ್ರೆ ಏನು?

ಎನ್‌ಸಿಸಿ ಕ್ಯಾಂಪಿನಲ್ಲಿ .22 ರೈಫಲ್ ಹಾರಿಸಿದವರಿಗೆ ಬೋಲ್ಟ್ ಗೊತ್ತಿರುತ್ತೆ. ಒಂದು ಗುಂಡು ಹಾರಿದ ಮೇಲೆ ಹಿಡಿಯನ್ನು ಮೇಲಕ್ಕೆ ತಿರುಗಿಸಿ ಲಾಕ್ ಬಿಡಿಸಬೇಕು, ಹಿಂದಕ್ಕೆ ಎಳೀಬೇಕು, ಖಾಲಿ ಕೇಸು ಹೊರಗೆ ಬೀಳುತ್ತೆ. ಮತ್ತೆ ಮುಂದಕ್ಕೆ ತಳ್ಳಿದರೆ ಹೊಸ ತೋಟಾ ಒಳಗೆ ಹೋಗುತ್ತೆ, ಹಿಡಿ ಕೆಳಗೆ ತಿರುಗಿಸಿದರೆ ಲಾಕ್ ಆಗುತ್ತೆ. ಇಷ್ಟೂ ಕೆಲಸ ನಮ್ಮ ಕೈಯದ್ದು.

ಸೆಮಿ-ಆಟೊಮ್ಯಾಟಿಕ್ ರೈಫಲ್‌ನಲ್ಲಿ ಈ ಕೆಲಸವನ್ನೆಲ್ಲ ರೈಫಲ್ಲೇ ಮಾಡಿಕೊಳ್ಳುತ್ತೆ. ಟ್ರಿಗರ್ ಒಂದು ಸಲ ಒತ್ತಿದರೆ ಒಂದೇ ಗುಂಡು. ಆದರೆ ಮುಂದಿನ ಗುಂಡು ತಾನಾಗಿಯೇ ಸಿದ್ಧವಾಗಿರುತ್ತೆ. ಇದಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರಬೇಕು? ಗುಂಡನ್ನು ತಳ್ಳುವ ಮದ್ದಿನ ಗ್ಯಾಸಿನಿಂದಲೇ ಸ್ವಲ್ಪ ಕದಿಯಬೇಕು.

ಎಷ್ಟು ಕದಿಯಬೇಕು ಅಂತ ಒಂದು ಅಂದಾಜು ಮಾಡೋಣ. ಗ್ಯಾರಂಡ್ ಬಳಸಿದ .30 ಕ್ಯಾಲಿಬರ್‌ನ ಎಂ2 ತೋಟಾದಲ್ಲಿ ಗುಂಡಿನ ತೂಕ ಸುಮಾರು 9.8 ಗ್ರಾಂ, ನಳಿಗೆ ಬಿಡುವಾಗ ವೇಗ ಸೆಕೆಂಡಿಗೆ ಸುಮಾರು 855 ಮೀಟರ್. ಅರ್ಧ ಎಂ ವಿ ಸ್ಕ್ವೇರ್ ಹಾಕಿದರೆ ಹತ್ತಿರ ಹತ್ತಿರ 3,600 ಜೌಲ್. ಈಗ ಹಿಂದಕ್ಕೆ ಓಡೋ ಭಾಗಗಳ ಒಟ್ಟು ತೂಕ ಅರ್ಧ ಕೆಜಿ, ವೇಗ ಸೆಕೆಂಡಿಗೆ 6 ಮೀಟರ್ ಅಂತ ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. 9 ಜೌಲ್ ಬರುತ್ತೆ. ಅಂದರೆ ಗುಂಡಿನ ಶಕ್ತಿಯ ಶೇಕಡ ಕಾಲು ಭಾಗ. ಕದ್ದರೂ ಗುಂಡಿಗೆ ಗೊತ್ತೇ ಆಗದಷ್ಟು ಕಮ್ಮಿ.

ಹಾಗಾದರೆ ಶಕ್ತಿಗೆ ಬರವಿಲ್ಲ. ಕಷ್ಟ ಇರೋದು ಸಮಯದಲ್ಲಿ.

ಅವಸರ ಮಾಡಿದರೆ ಅಪಾಯ, ತಡ ಮಾಡಿದರೆ ಜಾಮ್

ಐಸಿ ಇಂಜಿನ್ ಲ್ಯಾಬಿನಲ್ಲಿ ಪ್ರೆಶರ್ ಮತ್ತು ಕ್ರ್ಯಾಂಕ್ ಕೋನದ ಗ್ರಾಫ್ ನೋಡಿರ್ತೀರಿ. ನಳಿಗೆಯ ಒಳಗಿನ ಗ್ರಾಫ್ ಅದರದೇ ಅಣ್ಣ. ಮದ್ದು ಹೊತ್ತಿಕೊಂಡ ತಕ್ಷಣ ಒತ್ತಡ ಮೇಲಕ್ಕೆ ಜಿಗಿಯುತ್ತೆ. ಗುಂಡು ಕೆಲವೇ ಇಂಚು ಚಲಿಸುವಷ್ಟರಲ್ಲಿ ಶಿಖರ ಮುಟ್ಟುತ್ತೆ. ಈ ತೋಟಾದಲ್ಲಿ ಆ ಶಿಖರ ಚದರ ಇಂಚಿಗೆ ಸುಮಾರು 50 ಸಾವಿರ ಪೌಂಡ್, ಅಂದರೆ ಹತ್ತಿರ ಹತ್ತಿರ 345 ಮೆಗಾಪಾಸ್ಕಲ್. ಆಮೇಲೆ ಗುಂಡು ಮುಂದೆ ಹೋದಂತೆ ಗ್ಯಾಸಿಗೆ ಜಾಗ ಹೆಚ್ಚಾಗಿ ಒತ್ತಡ ಇಳಿಯುತ್ತಾ ಬರುತ್ತೆ. ಗುಂಡು ಹೊರಬಿದ್ದ ಮೇಲೆ ದಡಕ್ಕನೆ ಬೀಳುತ್ತೆ. ಈ ಇಡೀ ನಾಟಕ ಮುಗಿಯೋದು ಒಂದೆರಡು ಮಿಲಿಸೆಕೆಂಡಿನಲ್ಲಿ.

ಈ ಹೊತ್ತಿನಲ್ಲಿ ಚೇಂಬರಿನ ಹಿಂದಿನ ಬಾಗಿಲು, ಅಂದರೆ ಬೋಲ್ಟ್, ಬಿಗಿಯಾಗಿ ಲಾಕ್ ಆಗಿರಬೇಕು. ತೋಟಾದ ಹಿತ್ತಾಳೆ ಕೇಸಿನ ಗೋಡೆ ತೀರಾ ತೆಳು. ಅದಕ್ಕೆ ಬಲ ಬರೋದು ಸುತ್ತ ಇರೋ ಚೇಂಬರಿನ ಉಕ್ಕಿನಿಂದ. ಒತ್ತಡ ಇನ್ನೂ ಜಾಸ್ತಿ ಇರುವಾಗಲೇ ಬೋಲ್ಟ್ ತೆರೆದರೆ ಕೇಸು ಹರಿದುಹೋಗಿ ಬಿಸಿ ಗ್ಯಾಸ್ ಸೈನಿಕನ ಮುಖಕ್ಕೇ ಬರಬಹುದು. ಹರಿಯದಿದ್ದರೂ, ಉಬ್ಬಿ ಚೇಂಬರಿಗೆ ಅಂಟಿಕೊಂಡಿರೋ ಕೇಸನ್ನು ಕೊಕ್ಕೆ ಎಳೆದಾಗ ಅದರ ಅಂಚು ಕಿತ್ತುಬರಬಹುದು. ಮನೆಯಲ್ಲಿ ಕುಕ್ಕರ್ ಮುಚ್ಚಳವನ್ನು ಪ್ರೆಶರ್ ಇಳಿಯೋ ಮುಂಚೆ ತೆಗೀಬೇಡ ಅಂತ ಹೇಳ್ತಾರಲ್ಲ, ಅದೇ ನಿಯಮ ಇದು. ಇಲ್ಲಿ ಕಾಯೋ ಸಮಯ ಮಾತ್ರ ಮಿಲಿಸೆಕೆಂಡು.

ಇನ್ನೊಂದು ಕಡೆ, ತೀರಾ ಕಡಿಮೆ ಗ್ಯಾಸ್ ಬಂದರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗೋದೇ ಇಲ್ಲ. ಖಾಲಿ ಕೇಸು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತೆ, ಹೊಸ ತೋಟಾ ಮೇಲೆ ಬರೋದಿಲ್ಲ. ಯುದ್ಧದ ಮಧ್ಯೆ ಆ ಸೈನಿಕನ ಕೈಯಲ್ಲಿ ಉಳಿಯೋದು 4.3 ಕೆಜಿ ತೂಕದ ಒಂದು ದೊಣ್ಣೆ.

ಹಾಗಾಗಿ ಗ್ಯಾಸ್ ಸಿಸ್ಟಮ್ ಮಾಡಬೇಕಾದ ಕೆಲಸ ಇಷ್ಟು: ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದ ಗ್ಯಾಸನ್ನು, ಪ್ರತಿ ಸಲವೂ ಒಂದೇ ರೀತಿ ತಲುಪಿಸಬೇಕು. "ಪ್ರತಿ ಸಲವೂ ಒಂದೇ ರೀತಿ" ಅನ್ನೋದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಅದರ ಸುತ್ತಲೇ ಸುತ್ತುತ್ತೆ.

ಗ್ಯಾರಂಡ್ ಹಿಡಿದ ಮೊದಲ ದಾರಿಗಳು

ಜಾನ್ ಗ್ಯಾರಂಡ್ 1888ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದವರು. 1919ರಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಸೇರಿದರು. ಅವರ ಮೊದಲ ಡಿಸೈನ್‌ನಲ್ಲಿ ಗ್ಯಾಸ್ ಪಿಸ್ಟನ್ನೇ ಇರಲಿಲ್ಲ. ತೋಟಾದ ಬುಡದಲ್ಲಿ ಮದ್ದನ್ನು ಹೊತ್ತಿಸುವ ಪುಟ್ಟ ಪ್ರೈಮರ್ ಇರುತ್ತಲ್ಲ, ಗುಂಡು ಹಾರುವಾಗ ಅದು ಒಂಚೂರು ಹಿಂದಕ್ಕೆ ಸರಿಯುವಂತೆ ಬಿಟ್ಟು, ಆ ಸರಿತದಿಂದಲೇ ಲಾಕ್ ಬಿಡಿಸೋದು ಅವರ ಉಪಾಯ. ಬಹಳ ಜಾಣತನದ ಯೋಚನೆ. ಆದರೆ 1920ರ ದಶಕದ ಮಧ್ಯದಲ್ಲಿ ಸೈನ್ಯ ತನ್ನ ತೋಟಾವನ್ನೇ ಬದಲಾಯಿಸಿತು. ಹೊಸ ತೋಟಾದಲ್ಲಿ ಪ್ರೈಮರನ್ನು ಅಲುಗದಂತೆ ಬಿಗಿದುಬಿಟ್ಟಿದ್ದರು. ಅಲ್ಲಿಗೆ ಆ ದಾರಿ ಮುಚ್ಚಿತು. ಇದು ಈ ಕಥೆಯ ಮೊದಲ ಪಾಠ: ತೋಟಾ ಕೂಡ ಮಷೀನಿನ ಒಂದು ಪಾರ್ಟ್.

ಆಮೇಲೆ ಗ್ಯಾರಂಡ್ ಗ್ಯಾಸಿನ ಕಡೆ ತಿರುಗಿದರು. ನಳಿಗೆಯಿಂದ ಗ್ಯಾಸ್ ತೆಗೆಯೋಕೆ ಸುಲಭದ ದಾರಿ ಒಂದು ತೂತು ಕೊರೆಯೋದು. ಆದರೆ ಆ ಕಾಲದ ಹಲವು ಶಸ್ತ್ರ ಪರಿಣತರಿಗೆ ಸೈನಿಕನ ರೈಫಲ್‌ನ ನಳಿಗೆಗೆ ತೂತು ಅಂದರೆ ಅಳುಕು. ನಳಿಗೆ ಬಲ ಕಳೆದುಕೊಳ್ಳುತ್ತೆ, ಬಿಸಿ ಗ್ಯಾಸ್ ತೂತನ್ನು ಕೊರೆದು ದೊಡ್ಡದು ಮಾಡುತ್ತೆ, ಗುರಿ ಕೆಡುತ್ತೆ, ಮಸಿ ಕಟ್ಟಿ ಮುಚ್ಚಿಹೋಗುತ್ತೆ, ಹೀಗೆ ಅನುಮಾನದ ಪಟ್ಟಿ. ಒಂದೊಂದೂ ಕೇಳೋಕೆ ಸಮಂಜಸವಾಗಿಯೇ ಇದೆ.

ತೂತು ಕೊರೆಯದೆ ಗ್ಯಾಸ್ ಹಿಡಿಯೋ ಉಪಾಯ ಡೆನ್ಮಾರ್ಕಿನ ಬ್ಯಾಂಗ್ ಅನ್ನೋ ಶಸ್ತ್ರ ವಿನ್ಯಾಸಕಾರನ ಹೆಸರಿನಲ್ಲಿ ಪ್ರಸಿದ್ಧವಾಗಿತ್ತು. ನಳಿಗೆಯ ತುದಿಗೆ ಒಂದು ಟೊಪ್ಪಿಗೆ ಥರದ ಭಾಗ ಕೂರಿಸೋದು. ಗುಂಡು ನಿಜವಾದ ನಳಿಗೆಯಿಂದ ಹೊರಬಂದು, ಒಂದು ಸಣ್ಣ ಕೋಣೆ ದಾಟಿ, ಟೊಪ್ಪಿಗೆಯ ತೂತಿನ ಮೂಲಕ ಹಾದುಹೋಗುತ್ತೆ. ಹಿಂದೆ ಬಂದ ಗ್ಯಾಸಿನಲ್ಲಿ ಒಂದಷ್ಟು ಆ ಕೋಣೆಯಲ್ಲಿ ಸಿಕ್ಕಿಬೀಳುತ್ತೆ. ಬ್ಯಾಂಗ್ ಡಿಸೈನ್‌ನಲ್ಲಿ ಆ ಗ್ಯಾಸ್ ಟೊಪ್ಪಿಗೆಯನ್ನೇ ಮುಂದಕ್ಕೆ ತಳ್ಳುತ್ತಿತ್ತು. ಗ್ಯಾರಂಡ್ ಟೊಪ್ಪಿಗೆಯನ್ನು ಕದಲದಂತೆ ಇಟ್ಟು, ಸಿಕ್ಕಿಬಿದ್ದ ಗ್ಯಾಸನ್ನು ಕೆಳಗಿನ ಸಿಲಿಂಡರಿಗೆ ತಿರುಗಿಸಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದರು. ಇದಕ್ಕೆ ಗ್ಯಾಸ್ ಟ್ರ್ಯಾಪ್ ಅಂತ ಹೆಸರು. 1936ರಲ್ಲಿ ಸೈನ್ಯ ಒಪ್ಪಿಕೊಂಡ ಎಂ1 ರೈಫಲ್ ಹೀಗಿತ್ತು.

ಒಂದು ತಮಾಷೆ ನೋಡಿ. ಇದೇ ಅಮೆರಿಕ ಸೈನ್ಯದ ಬಳಿ 1918ರಿಂದಲೂ ಬ್ರೌನಿಂಗ್ ಆಟೊಮ್ಯಾಟಿಕ್ ರೈಫಲ್ ಇತ್ತು. ಎಂ1 ಹಾರಿಸೋ .30 ಕ್ಯಾಲಿಬರ್ ತೋಟಾವನ್ನೇ ಅದೂ ಹಾರಿಸುತ್ತಿತ್ತು. ಅದರ ನಳಿಗೆಯಲ್ಲಿ ಗ್ಯಾಸ್ ತೂತು ಇತ್ತು. ಲೂಯಿಸ್ ಮೆಷಿನ್ ಗನ್, ಹಾಚ್‌ಕಿಸ್ ಮೆಷಿನ್ ಗನ್ ಎರಡರಲ್ಲೂ ಇತ್ತು. ಇವು ಗ್ಯಾರಂಡ್‌ಗಿಂತ ಎಷ್ಟೋ ಹೆಚ್ಚು ಗುಂಡು ಹಾರಿಸುವ ಆಯುಧಗಳು. ಅನುಮಾನಕ್ಕೆ ಉತ್ತರ ಸೈನ್ಯದ ಉಗ್ರಾಣದಲ್ಲೇ ಬಿದ್ದಿತ್ತು.

ಟೊಪ್ಪಿಗೆ ಕೊಟ್ಟ ಕಾಟ

ಗ್ಯಾಸ್ ಟ್ರ್ಯಾಪ್ ರೈಫಲ್ ಕೆಲಸ ಮಾಡುತ್ತಿತ್ತು. ಮಾಡದೇ ಇದ್ದಿದ್ದರೆ ಸೈನ್ಯ ಒಪ್ಪುತ್ತಲೇ ಇರಲಿಲ್ಲ. ತೊಂದರೆ ಶುರುವಾಗಿದ್ದು ರೈಫಲ್ ದೊಡ್ಡ ಸಂಖ್ಯೆಯಲ್ಲಿ ತಯಾರಾಗಿ, ಸಾಮಾನ್ಯ ಸೈನಿಕರ ಕೈಗೆ ಹೋಗಿ, ಮಣ್ಣಿನಲ್ಲಿ ಮಳೆಯಲ್ಲಿ ಬಳಕೆಯಾದಾಗ.

ಡಿಸೈನ್ ದೃಷ್ಟಿಯಿಂದ ನೋಡಿದರೆ ಕಾರಣ ಸ್ಪಷ್ಟ. ಟೊಪ್ಪಿಗೆಯ ತೂತು ಮತ್ತು ನಳಿಗೆಯ ತೂತು ಒಂದೇ ನೇರದಲ್ಲಿ ಇರಬೇಕು. ಒಂಚೂರು ವಾಲಿದರೂ ಗುಂಡು ಅಂಚಿಗೆ ಸವರಿಕೊಂಡು ಹೋಗುತ್ತೆ. ಆ ನೇರ ಯಾವುದರ ಮೇಲೆ ನಿಂತಿದೆ? ನಳಿಗೆಯ ತುದಿಯ ಥ್ರೆಡ್, ಸಿಲಿಂಡರ್ ಕೂರುವ ಜಾಗ, ಟೊಪ್ಪಿಗೆಯ ಥ್ರೆಡ್, ಅದನ್ನು ಹಿಡಿದಿಡುವ ಸ್ಕ್ರೂ. ಒಂದೊಂದಕ್ಕೂ ತನ್ನದೇ ಟಾಲರೆನ್ಸ್. ಎಲ್ಲವೂ ಒಂದರ ಮೇಲೊಂದು ಸೇರಿಕೊಳ್ಳುತ್ತವೆ. ಮೆಟ್ರಾಲಜಿ ಕ್ಲಾಸಿನಲ್ಲಿ ಟಾಲರೆನ್ಸ್ ಸ್ಟ್ಯಾಕ್-ಅಪ್ ಅಂತ ಬೋರ್ಡಿನ ಮೇಲೆ ಬರೆಯೋದು ಇದನ್ನೇ.

ಇನ್ನೂ ಇದೆ. ಮುಂದಿನ ಗುರಿಕಡ್ಡಿ ಕೂತಿದ್ದು ಈ ಜೋಡಣೆಯ ಮೇಲೇ. ಬಯೊನೆಟ್ ಸಿಕ್ಕಿಸೋದೂ ಇದಕ್ಕೇ. ಅಂದರೆ ಬಿಸಿಯಾಗಿ ತಣ್ಣಗಾಗುವ, ಪ್ರತಿ ಗುಂಡಿಗೂ ಗ್ಯಾಸಿನ ಹೊಡೆತ ತಿನ್ನುವ, ಹಲವು ತುಂಡುಗಳ ಒಂದು ಜೋಡಣೆಗೆ ಮೂರು ಬೇರೆ ಬೇರೆ ಜವಾಬ್ದಾರಿ ಹೊರಿಸಿದ್ದರು. ಅದು ಸ್ವಲ್ಪ ಸಡಿಲವಾದರೆ ಗ್ಯಾಸ್ ಸೋರುತ್ತೆ, ಗುರಿಯೂ ತಪ್ಪುತ್ತೆ. ಜತೆಗೆ ಆ ಪುಟ್ಟ ಕೋಣೆಯ ಮೂಲೆಗಳಲ್ಲಿ ಮಸಿ ಕಟ್ಟುತ್ತೆ. ಅಲ್ಲಿಗೆ ಕೈ ಹಾಕಿ ಒರೆಸೋದು ಸುಲಭದ ಕೆಲಸವಲ್ಲ.

ಈಗ "ಪ್ರತಿ ಸಲವೂ ಒಂದೇ ರೀತಿ" ಅನ್ನೋ ಮಾತಿಗೆ ವಾಪಸ್ ಬನ್ನಿ. ಗ್ಯಾಸ್ ಟ್ರ್ಯಾಪ್‌ನಲ್ಲಿ ಪಿಸ್ಟನ್ನಿಗೆ ಎಷ್ಟು ಗ್ಯಾಸ್ ಸಿಗುತ್ತೆ ಅನ್ನೋದು ಜೋಡಣೆ ಎಷ್ಟು ಚೆನ್ನಾಗಿ ಕೂತಿದೆ ಅನ್ನೋದನ್ನು ಅವಲಂಬಿಸಿತ್ತು. ತುಂಡುಗಳ ನಡುವಿನ ಸಂದುಗಳೇ ಸಿಸ್ಟಮ್ಮನ್ನು ನಿಯಂತ್ರಿಸುತ್ತಿದ್ದವು. ಸಂದುಗಳು ಒಂದೊಂದು ರೈಫಲ್‌ನಲ್ಲಿ ಒಂದೊಂದು ಥರ, ಅದೇ ರೈಫಲ್‌ನಲ್ಲೂ ಸಾವಿರ ಗುಂಡಿನ ಆಮೇಲೆ ಇನ್ನೊಂದು ಥರ.

ತೂತು ಕೊರೆದಾಗ ಏನೇನು ಬದಲಾಯ್ತು?

1939ರ ಕೊನೆಯ ಹೊತ್ತಿಗೆ ಹೊಸ ಡಿಸೈನ್ ಸಿದ್ಧವಾಗಿ, 1940ರ ಆರಂಭದಲ್ಲಿ ಉತ್ಪಾದನೆಗೆ ಬಂತು. ನಳಿಗೆ, ಗ್ಯಾಸ್ ಸಿಲಿಂಡರ್, ಮುಂದಿನ ಗುರಿಕಡ್ಡಿಯ ಜೋಡಣೆ, ಈ ಮೂರನ್ನೂ ಹೊಸದಾಗಿ ಮಾಡಿದರು. ನಳಿಗೆ ಈಗ ಒಂದೇ ತುಂಡಾಗಿ 24 ಇಂಚು, ಟೊಪ್ಪಿಗೆ ಇಲ್ಲ. ತುದಿಯಿಂದ ಸುಮಾರು ಒಂದೂವರೆ ಇಂಚು ಹಿಂದೆ ಗ್ಯಾಸ್ ತೂತು. ಸಿಲಿಂಡರ್ ಸ್ಟೇನ್‌ಲೆಸ್ ಸ್ಟೀಲಿನದು, ಬಿಸಿ ಗ್ಯಾಸಿಗೂ ತುಕ್ಕಿಗೂ ತಡೆದುಕೊಳ್ಳಲಿ ಅಂತ.

ರೈಫಲ್‌ನ ಹಿಂಭಾಗದ ಮೂಲ ಕಲ್ಪನೆ ಹಾಗೇ ಉಳಿಯಿತು. ತಿರುಗಿ ಲಾಕ್ ಆಗುವ ಬೋಲ್ಟ್, ಎಂಟು ತೋಟಾದ ಕ್ಲಿಪ್, ಪಿಸ್ಟನ್ನಿಗೇ ಸೇರಿಕೊಂಡ ಉದ್ದನೆಯ ಆಪರೇಟಿಂಗ್ ರಾಡ್, ಯಾವುದರ ತತ್ವವೂ ಬದಲಾಗಲಿಲ್ಲ. ಆಪರೇಟಿಂಗ್ ರಾಡ್ ಹಿಂದಕ್ಕೆ ಹೊರಟ ತಕ್ಷಣ ಬೋಲ್ಟ್ ತಿರುಗೋದಿಲ್ಲ. ರಾಡ್ ಸ್ವಲ್ಪ ದೂರ ಖಾಲಿ ಓಡಿದ ಮೇಲಷ್ಟೇ ಅದರ ಕ್ಯಾಮ್ ಬೋಲ್ಟಿನ ಕಿವಿಯನ್ನು ತಿರುಗಿಸಲು ಶುರುಮಾಡುತ್ತೆ. ಕುಕ್ಕರಿನ ಪ್ರೆಶರ್ ಇಳಿಯೋವರೆಗೂ ಕಾಯೋ ಕೆಲಸ ಈ ಖಾಲಿ ಓಟದ್ದು.

ಸಮಯದ ಲೆಕ್ಕ ನೋಡೋಣ. ಗುಂಡು ತೂತನ್ನು ದಾಟಿದ ಮೇಲೆ ನಳಿಗೆ ಬಿಡೋಕೆ ಉಳಿದಿರೋ ದೂರ 38 ಮಿ.ಮೀ. ವೇಗ ಸೆಕೆಂಡಿಗೆ ಸುಮಾರು 850 ಮೀಟರ್. ಭಾಗಿಸಿದರೆ 45 ಮೈಕ್ರೊಸೆಕೆಂಡ್. ಅಷ್ಟು ಹೊತ್ತು ಮಾತ್ರ ನಳಿಗೆಯ ಬಾಯಿಗೆ ಗುಂಡು ಬಿರಡೆಯ ಹಾಗೆ ನಿಂತಿರುತ್ತೆ. ಗುಂಡು ಹೊರಬಿದ್ದ ಮೇಲೂ ಒತ್ತಡ ಪೂರ್ತಿ ಇಳಿಯುವ ತನಕ ಒಂದಷ್ಟು ಗ್ಯಾಸ್ ಸಿಲಿಂಡರಿಗೆ ನುಗ್ಗುತ್ತಲೇ ಇರುತ್ತೆ. ಇಷ್ಟರಲ್ಲಿ ಪಿಸ್ಟನ್ನಿಗೆ ಸಾಕಾಗುವ ಒಂದು ಗುದ್ದು ಸಿಗುತ್ತೆ. ಉಳಿದ ದಾರಿಯನ್ನು ರಾಡ್ ತನ್ನ ಜಡತ್ವದಿಂದಲೇ ಓಡಿ ಮುಗಿಸುತ್ತೆ.

ಮುಖ್ಯ ವ್ಯತ್ಯಾಸ ಇಲ್ಲಿದೆ. ಈಗ ಗ್ಯಾಸಿನ ಪ್ರಮಾಣವನ್ನು ನಿರ್ಧರಿಸೋದು ಎರಡೇ ಅಳತೆ: ತೂತು ಎಲ್ಲಿದೆ, ಎಷ್ಟು ದೊಡ್ಡದಿದೆ. ಎರಡನ್ನೂ ಕಾರ್ಖಾನೆಯಲ್ಲಿ ಗೇಜ್ ಹಾಕಿ ಪರೀಕ್ಷಿಸಬಹುದು. ಸೈನಿಕ ರೈಫಲ್ ಬಿಚ್ಚಿ ಮತ್ತೆ ಜೋಡಿಸಿದರೂ ಆ ಅಳತೆ ಬದಲಾಗೋದಿಲ್ಲ. ನಿಯಂತ್ರಣ ಸಂದುಗಳಿಂದ ತೂತಿಗೆ ಬಂತು. ಹಾಗಂತ ತೂತಿನ ಅಳತೆಯನ್ನು ಹಗುರವಾಗಿ ತಗೊಳ್ಳೋ ಹಾಗಿಲ್ಲ. ವ್ಯಾಸ ಶೇಕಡ 10 ಹೆಚ್ಚಾದರೆ ವಿಸ್ತೀರ್ಣ ಶೇಕಡ 21 ಹೆಚ್ಚುತ್ತೆ ಅನ್ನೋದು ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದ ಎಲ್ಲರಿಗೂ ಗೊತ್ತು.

ಮೊದಲು ಹೆದರಿದ್ದ ಅಪಾಯಗಳ ಗತಿ ಏನಾಯ್ತು? ತುದಿಯ ಹತ್ತಿರ ಒತ್ತಡ ಶಿಖರದ ಒಂದು ಸಣ್ಣ ಭಾಗ ಮಾತ್ರ, ಆದ್ದರಿಂದ ಬಲದ ಪ್ರಶ್ನೆ ಏಳಲಿಲ್ಲ. ಎಂ1 ಒಟ್ಟು ಸುಮಾರು 54 ಲಕ್ಷ ತಯಾರಾಯ್ತು. ಎರಡನೇ ಮಹಾಯುದ್ಧ, ಕೊರಿಯಾ ಯುದ್ಧ ಎರಡರಲ್ಲೂ ದುಡಿಯಿತು. ಗ್ಯಾಸ್ ಟ್ರ್ಯಾಪ್ ರೂಪದಲ್ಲೇ ಉಳಿದವು ಇವತ್ತು ಸಂಗ್ರಾಹಕರಿಗೆ ಅಪರೂಪದ ವಸ್ತು.

ಅದೇ ಗುಂಡಿಗೆ ಬಿದ್ದ ಇನ್ನೊಂದು ದೇಶ

ಇದು ಅಮೆರಿಕದವರ ಕಥೆ ಮಾತ್ರ ಆಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಆದರೆ ಅಟ್ಲಾಂಟಿಕ್ ಸಾಗರದ ಆಚೆ ಜರ್ಮನಿಯಲ್ಲೂ ಇದೇ ನಡೆಯಿತು. ಅಲ್ಲಿ ಅಂಜಿಕೆ ಕಾಗದದ ಮೇಲೇ ಇತ್ತು. ಹೊಸ ಸೆಮಿ-ಆಟೊಮ್ಯಾಟಿಕ್ ರೈಫಲ್ ಬೇಕು ಅಂತ ಕೇಳಿದ ಜರ್ಮನ್ ಸೈನ್ಯದ ಶಸ್ತ್ರ ವಿಭಾಗ ಮೂರು ಷರತ್ತು ಹಾಕಿತ್ತು: ನಳಿಗೆಗೆ ತೂತು ಕೊರೆಯಬಾರದು, ಹೊರಮೈ ಮೇಲೆ ಚಲಿಸುವ ಭಾಗ ಇರಬಾರದು, ಆಟೊಮ್ಯಾಟಿಕ್ ಕೆಟ್ಟರೆ ಹಳೇ ರೈಫಲ್ ಥರ ಕೈಯಲ್ಲೇ ಬೋಲ್ಟ್ ಎಳೆಯುವಂತಿರಬೇಕು.

ಮೌಸರ್ ಕಂಪನಿ ಮೂರನ್ನೂ ಪಾಲಿಸಿತು. ವಾಲ್ಥರ್ ಕಂಪನಿ ಕೊನೆಯ ಎರಡನ್ನು ಪಕ್ಕಕ್ಕಿಟ್ಟಿತು. ಆದರೆ ತೂತಿನ ಷರತ್ತನ್ನು ಇಬ್ಬರೂ ಮೀರಲಿಲ್ಲ. ಇಬ್ಬರೂ ಬ್ಯಾಂಗ್ ಪದ್ಧತಿಯ ಗ್ಯಾಸ್ ಟ್ರ್ಯಾಪ್ ಹಾಕಿದರು. ಗೆದ್ದಿದ್ದು ಷರತ್ತು ಮುರಿದ ವಾಲ್ಥರ್ ಡಿಸೈನ್. ಗೆವೇರ್ 41 ಅನ್ನೋ ಆ ರೈಫಲ್ ಮುಂಭಾಗ ಭಾರವಾಗಿತ್ತು, ಗ್ಯಾಸ್ ಟ್ರ್ಯಾಪ್‌ನಲ್ಲಿ ಮಸಿ ಕಟ್ಟುತ್ತಿತ್ತು, ಶುಚಿ ಮಾಡೋದು ಕಷ್ಟವಾಗಿತ್ತು.

1941ರಲ್ಲಿ ಸೋವಿಯತ್ ಒಕ್ಕೂಟದ ಮೇಲೆ ದಂಡೆತ್ತಿ ಹೋದಾಗ ಜರ್ಮನ್ ಸೈನಿಕರಿಗೆ ಟೋಕರೆವ್ ವಿನ್ಯಾಸದ ಎಸ್‌ವಿಟಿ-40 ರೈಫಲ್‌ಗಳು ಸಿಕ್ಕವು. ಅವುಗಳ ನಳಿಗೆಯಲ್ಲಿ ತೂತು ಇತ್ತು, ಮೇಲೆ ಒಂದು ಸರಳ ಪಿಸ್ಟನ್. ವಾಲ್ಥರ್ ಆ ಪದ್ಧತಿಯ ಮಾದರಿಯಲ್ಲೇ ತನ್ನ ಗ್ಯಾಸ್ ಸಿಸ್ಟಮ್ ಬದಲಾಯಿಸಿತು. ಬೋಲ್ಟ್ ಜೋಡಣೆ ಬಹುಮಟ್ಟಿಗೆ ಗೆವೇರ್ 41ರದ್ದೇ. ಮುಂಭಾಗ ಮಾತ್ರ ಹೊಸದು. 1943ರಲ್ಲಿ ಬಂದ ಆ ಗೆವೇರ್ 43 ಹಗುರವಾಗಿತ್ತು, ತಯಾರಿಸೋಕೂ ಸುಲಭವಾಗಿತ್ತು. ಎರಡು ದೇಶ, ಒಂದೇ ಭಯ, ಒಂದೇ ಪರಿಹಾರ.

ಗ್ಯಾಸ್ ಬಂತು, ಮುಂದೆ?

ತೂತಿನಿಂದ ಗ್ಯಾಸ್ ತೆಗೆದ ಮೇಲೆ ಅದನ್ನು ಬಳಸುವ ಮೂರು ಮುಖ್ಯ ದಾರಿಗಳಿವೆ.

ಮೊದಲನೆಯದು ಲಾಂಗ್ ಸ್ಟ್ರೋಕ್ ಪಿಸ್ಟನ್. ಪಿಸ್ಟನ್ ಮತ್ತು ಬೋಲ್ಟನ್ನು ಓಡಿಸುವ ಭಾಗ ಒಂದೇ ತುಂಡಿನಂತೆ ಕೊನೆಯವರೆಗೂ ಜತೆಗೆ ಓಡುತ್ತವೆ. ಗ್ಯಾರಂಡ್, ಎಕೆ-47, ನಮ್ಮ ಸೈನ್ಯದ ಇನ್ಸಾಸ್ ಈ ಜಾತಿ. ಓಡುವ ತೂಕ ಜಾಸ್ತಿ, ಆದ್ದರಿಂದ ಕೊಳೆ ಇದ್ದರೂ ನುಗ್ಗಿಕೊಂಡು ಹೋಗುತ್ತೆ. ಅಲುಗಾಟವೂ ಜಾಸ್ತಿ.

ಎರಡನೆಯದು ಶಾರ್ಟ್ ಸ್ಟ್ರೋಕ್ ಪಿಸ್ಟನ್. ಪಿಸ್ಟನ್ ಸ್ವಲ್ಪ ದೂರ ಓಡಿ, ಕ್ಯಾರಮ್ ಸ್ಟ್ರೈಕರ್ ಕಾಯಿಗೆ ಬಡಿದ ಹಾಗೆ ಬೋಲ್ಟ್ ಭಾಗಕ್ಕೆ ಒಂದು ಏಟು ಕೊಟ್ಟು ನಿಲ್ಲುತ್ತೆ. ಎಸ್‌ವಿಟಿ-40, ಗೆವೇರ್ 43 ಇದೇ ಗುಂಪು. ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗಿ ದಶಕಗಳ ಕಾಲ ನಮ್ಮ ಸೈನಿಕರ ಹೆಗಲ ಮೇಲಿದ್ದ 7.62 ಮಿ.ಮೀ. ಎಸ್‌ಎಲ್‌ಆರ್ ಕೂಡ ಇದೇ ಗುಂಪು. ಎಸ್‌ಎಲ್‌ಆರ್‌ನಲ್ಲಿ ಒಂದು ಗ್ಯಾಸ್ ರೆಗ್ಯುಲೇಟರ್ ಇತ್ತು. ಬೇಡದ ಗ್ಯಾಸನ್ನು ಹೊರಗೆ ಬಿಡುವ ಕಿಂಡಿ ಅದು. ರೈಫಲ್‌ನಲ್ಲಿ ಕೊಳೆ ಹೆಚ್ಚಾಗಿ ಗ್ಯಾಸ್ ಸಾಲದಾದರೆ ಕಿಂಡಿಯನ್ನು ಸಣ್ಣದು ಮಾಡಿಕೊಳ್ಳಬಹುದಿತ್ತು.

ಮೂರನೆಯದರಲ್ಲಿ ನಳಿಗೆಯ ಮೇಲೆ ಪಿಸ್ಟನ್ ಇರೋದಿಲ್ಲ. ಒಂದು ಕೊಳವೆ ಗ್ಯಾಸನ್ನು ನೇರ ಹಿಂದಕ್ಕೆ ಬೋಲ್ಟ್ ಕ್ಯಾರಿಯರ್ ಬಳಿಗೆ ಒಯ್ಯುತ್ತೆ. 1942ರ ಸ್ವೀಡನ್ನಿನ ಯುಂಗ್‌ಮನ್ ರೈಫಲ್, ಫ್ರಾನ್ಸಿನ ಮಾಸ್-49 ಹೀಗಿವೆ. ಅಮೆರಿಕದ ಎಂ16 ಕೂಡ ಕೊಳವೆಯದ್ದೇ, ಆದರೆ ಅಲ್ಲಿ ಬೋಲ್ಟ್ ತಾನೇ ಕ್ಯಾರಿಯರ್ ಒಳಗೆ ಪಿಸ್ಟನ್ನಿನ ಕೆಲಸ ಮಾಡುತ್ತೆ. ಓಡುವ ತೂಕ ಕಮ್ಮಿ. ಆದರೆ ಬಿಸಿ, ಮಸಿ ಎರಡೂ ಮಷೀನಿನ ಹೊಟ್ಟೆಗೇ ಬರುತ್ತವೆ.

ಯಾವುದು ಶ್ರೇಷ್ಠ ಅಂತ ಹಾಸ್ಟೆಲ್‌ನಲ್ಲಿ ರಾತ್ರಿ ಪೂರ್ತಿ ವಾದ ಮಾಡಬಹುದು. ಮೂರೂ ಯಶಸ್ವಿಯಾಗಿವೆ. ಪ್ರತಿಯೊಂದೂ ಒಂದು ಕಡೆ ಉಳಿಸಿ ಇನ್ನೊಂದು ಕಡೆ ಖರ್ಚು ಮಾಡುತ್ತೆ.

ತೂತಿನ ಜಾಗಕ್ಕೂ ಇದೇ ಮಾತು. ತುದಿಯ ಹತ್ತಿರ ಇದ್ದರೆ ಒತ್ತಡ ಕಮ್ಮಿ, ನಡವಳಿಕೆ ಮೃದು. ಆದರೆ ಅಲ್ಲಿಂದ ಬೋಲ್ಟಿನವರೆಗೂ ಉದ್ದನೆಯ ರಾಡ್ ಬೇಕು. ಉದ್ದದ ರಾಡ್ ಬಾಗುತ್ತೆ. ಗ್ಯಾರಂಡ್‌ನ ರಾಡ್ ನಳಿಗೆಯನ್ನು, ಕ್ಲಿಪ್ಪನ್ನು ತಪ್ಪಿಸಿಕೊಂಡು ಹೋಗೋಕೆ ಮೊದಲೇ ಸೊಟ್ಟ ಬೇರೆ. 1957ರಲ್ಲಿ ಅದರ ಉತ್ತರಾಧಿಕಾರಿಯಾಗಿ ಬಂದ ಎಂ14ರಲ್ಲಿ ತೂತನ್ನು ಸಾಕಷ್ಟು ಹಿಂದಕ್ಕೆ ತಂದು ರಾಡನ್ನು ಗಿಡ್ಡ ಮಾಡಿದರು. ಹಿಂದೆ ಒತ್ತಡ ಜಾಸ್ತಿಯಲ್ಲವೇ? ಅದಕ್ಕೆ ಒಳಗೆ ಟೊಳ್ಳಾದ, ಪಕ್ಕದಲ್ಲಿ ಕಿಂಡಿ ಇರುವ ಪಿಸ್ಟನ್ ಹಾಕಿದರು. ಗ್ಯಾಸ್ ಕಿಂಡಿಯಿಂದ ಒಳಗೆ ತುಂಬಿಕೊಂಡು ಪಿಸ್ಟನ್ ಹಿಂದೆ ಸರಿದ ಕೂಡಲೇ, ಪಿಸ್ಟನ್ನಿನ ಕಿಂಡಿ ನಳಿಗೆಯ ತೂತಿನಿಂದ ಆಚೆ ಹೋಗಿ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತೆ. ಒತ್ತಡ ಜಾಸ್ತಿ ಇದ್ದರೆ ಬೇಗ ಸರಿಯುತ್ತೆ, ಬೇಗ ಮುಚ್ಚುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದುವವರು ಇದನ್ನು ನೋಡಿ ಖುಷಿಪಡಬೇಕು. ಸೆನ್ಸರ್ ಇಲ್ಲ, ಕರೆಂಟ್ ಇಲ್ಲ, ಆದರೂ ತನ್ನನ್ನು ತಾನೇ ಅಂಕೆಯಲ್ಲಿಟ್ಟುಕೊಳ್ಳುತ್ತೆ.

ಒಂದು ಪಾರ್ಟೂ ಮುಟ್ಟದೆ ಸಿಸ್ಟಮ್ ಬದಲಾಯಿಸೋದು ಹೇಗೆ?

ಈ ಪ್ರಶ್ನೆಗೆ ಉತ್ತರ ವಿಯೆಟ್ನಾಂ ಯುದ್ಧದಲ್ಲಿದೆ, ಮತ್ತು ಅದು ಕಹಿಯಾಗಿದೆ. ಎಂ16 ರೈಫಲನ್ನು ಒಂದು ಬಗೆಯ ಮದ್ದಿಗೆ ಹೊಂದಿಸಿ ವಿನ್ಯಾಸ ಮಾಡಿದ್ದರು. 1964ರಲ್ಲಿ ಅದರ ಬದಲು ಬಾಲ್ ಪೌಡರ್ ಅನ್ನೋ ಬೇರೆ ಮದ್ದು ತಂದರು. ಗುಂಡಿನ ವೇಗ ಬೇಕಾದಷ್ಟೇ ಬರುತ್ತಿತ್ತು, ಶಿಖರದ ಒತ್ತಡವೂ ಮಿತಿಯಲ್ಲಿತ್ತು. ಆದರೆ ಹೊಸ ಮದ್ದು ಉರಿಯುವ ರೀತಿ ಬೇರೆ. ಗ್ಯಾಸ್ ತೂತಿನ ಜಾಗದಲ್ಲಿ ಒತ್ತಡ ಹೆಚ್ಚಾಯ್ತು. ಬೋಲ್ಟ್ ಓಟದ ವೇಗ ಜಾಸ್ತಿಯಾಯ್ತು, ಮಸಿಯೂ ಜಾಸ್ತಿಯಾಯ್ತು. ಅದರ ಮೇಲೆ, ಆಗಿನ ರೈಫಲ್‌ಗಳ ಚೇಂಬರಿಗೆ ಕ್ರೋಮ್ ಲೇಪನ ಇರಲಿಲ್ಲ, ಎಷ್ಟೋ ಸೈನಿಕರಿಗೆ ಶುಚಿ ಮಾಡುವ ಕಿಟ್ ಕೂಡ ಸಿಕ್ಕಿರಲಿಲ್ಲ. ಖಾಲಿ ಕೇಸು ಚೇಂಬರಿನಲ್ಲೇ ಸಿಕ್ಕಿಕೊಂಡು ರೈಫಲ್‌ಗಳು ಯುದ್ಧದ ನಡುವೆ ನಿಂತವು. ಸೈನಿಕರು ಸತ್ತರು. 1967ರಲ್ಲಿ ಅಮೆರಿಕ ಸಂಸತ್ತಿನ ಉಪಸಮಿತಿ, ರಿಚರ್ಡ್ ಐಕಾರ್ಡ್ ನೇತೃತ್ವದಲ್ಲಿ, ಇದರ ವಿಚಾರಣೆ ಮಾಡಿ ಮದ್ದಿನ ಬದಲಾವಣೆಯನ್ನು ಕಟುವಾಗಿ ಟೀಕಿಸಿತು.

ಡ್ರಾಯಿಂಗ್‌ನಲ್ಲಿ ಒಂದು ಗೆರೆಯೂ ಬದಲಾಗದೆ ಗ್ಯಾಸ್ ಸಿಸ್ಟಮ್ ಬೇರೆಯೇ ಆಗಿಹೋಗಿತ್ತು. ಇವತ್ತಿಗೂ ಹಳೇ ಗ್ಯಾರಂಡ್ ಇಟ್ಟುಕೊಂಡಿರುವ ವಿದೇಶಿ ಶೂಟರ್‌ಗಳಿಗೆ, ನಿಧಾನವಾಗಿ ಉರಿಯುವ ಮದ್ದಿನ ಭಾರೀ ತೋಟಾ ಹಾಕಿದರೆ ಆಪರೇಟಿಂಗ್ ರಾಡ್ ಬಾಗುತ್ತೆ ಅಂತ ಎಚ್ಚರಿಕೆ ಹೇಳುತ್ತಾರೆ. ಕಾರಣ ಅದೇ: ತುದಿಯ ತೂತಿನ ಬಳಿ ಎಷ್ಟು ಒತ್ತಡ ಇರುತ್ತೆ ಅನ್ನೋದು ಆ ರೈಫಲ್‌ನ ಡಿಸೈನ್‌ನಲ್ಲಿ ಅಡಗಿರುವ ಒಂದು ಊಹೆ.

ನಮಗೇನು ಪಾಠ?

ಫೈನಲ್ ಇಯರ್ ಪ್ರಾಜೆಕ್ಟ್ ಮಾಡುವಾಗ ಇಲ್ಲಿಂದ ಮೂರು ಮಾತು ಜತೆಗೆ ಒಯ್ಯಬಹುದು.

ಒಂದು, ಷರತ್ತಿನ ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ. "ನಳಿಗೆಗೆ ತೂತು ಬೇಡ" ಅಂತ ಮಾತ್ರ ಇದ್ದರೆ ಅದು ಶಾಸನ ಆಗಿಬಿಡುತ್ತೆ. "ತೂತು ಸವೆದು ದೊಡ್ಡದಾಗಬಹುದು ಅನ್ನೋ ಅನುಮಾನಕ್ಕೆ ತೂತು ಬೇಡ" ಅಂತ ಇದ್ದಿದ್ದರೆ ಯಾರಾದರೂ ಒಬ್ಬ ಜೂನಿಯರ್ ಇಂಜಿನಿಯರ್ ಎದ್ದು, ಹತ್ತು ಸಾವಿರ ಗುಂಡು ಹಾರಿಸಿ ಅಳೆದು ನೋಡೋಣ ಸಾರ್ ಅನ್ನಬಹುದಿತ್ತು. ಕಾರಣ ಇದ್ದರೆ ಪರೀಕ್ಷೆ ಮಾಡಬಹುದು. ಬರೀ ನಿಷೇಧವನ್ನು ಪರೀಕ್ಷೆ ಮಾಡೋಕೆ ಆಗೋದಿಲ್ಲ.

ಎರಡು, ನಿಯಂತ್ರಣವನ್ನು ಅಳೆಯಲು ಬರುವ ಜಾಗದಲ್ಲಿ ಇಡಿ. ಒಂದು ಮಷೀನಿನ ನಡವಳಿಕೆ ಐದು ಜೋಡಣೆಗಳ ಬಿಗಿಯ ಮೇಲೆ ನಿಂತಿದ್ದರೆ, ಡೆಮೊ ದಿನ ಚೆನ್ನಾಗಿ ಓಡಿ ಮಾರನೇ ದಿನ ಕೈಕೊಡುತ್ತೆ. ಒಂದೇ ಅಳತೆಯ ಮೇಲೆ ನಿಂತಿದ್ದರೆ ಅದನ್ನು ಕಾಯೋದು ಸುಲಭ.

ಮೂರು, ಸಿಸ್ಟಮ್‌ನ ಗಡಿಯನ್ನು ಸರಿಯಾಗಿ ಎಳೆಯಿರಿ. ಥರ್ಮೊಡೈನಮಿಕ್ಸ್‌ನಲ್ಲಿ ಮೊದಲ ದಿನವೇ ಚುಕ್ಕೆ ಗೆರೆಯಿಂದ ಗಡಿ ಹಾಕೋದು ಕಲೀತೀವಿ. ರೈಫಲ್‌ನ ಗ್ಯಾಸ್ ಸಿಸ್ಟಮ್ ಅಂದರೆ ಪಿಸ್ಟನ್ ಮತ್ತು ಸಿಲಿಂಡರ್ ಮಾತ್ರ ಅಂತ ಗಡಿ ಹಾಕಿದವರಿಗೆ ಮದ್ದು ಹೊರಗೆ ಉಳಿಯಿತು, ತೋಟಾ ಹೊರಗೆ ಉಳಿಯಿತು, ಶುಚಿ ಮಾಡುವ ಸೈನಿಕನೂ ಹೊರಗೆ ಉಳಿದ. ಬೆಲೆ ತೆತ್ತಿದ್ದು ಆ ಹೊರಗೆ ಉಳಿದವನೇ.

ಗ್ಯಾರಂಡ್ ತಾನು ಕಟ್ಟಿದ ರೈಫಲ್‌ನ ಮುಂಭಾಗವನ್ನು, ಸೈನ್ಯ ಒಪ್ಪಿ ಉತ್ಪಾದನೆ ನಡೆಯುತ್ತಿರುವಾಗಲೇ, ಕಿತ್ತುಹಾಕಿ ಹೊಸದು ಮಾಡಿದರು. ಅಮೆರಿಕ ಯುದ್ಧಕ್ಕೆ ಇಳಿದಿದ್ದು 1941ರ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಕಾರ್ಖಾನೆಯಿಂದ ಹೊರಬರುತ್ತಿದ್ದ ಪ್ರತಿ ಎಂ1 ರೈಫಲ್‌ನ ನಳಿಗೆಯಲ್ಲೂ ಆ ಸಣ್ಣ ತೂತು ಇತ್ತು.